ಮುನಿಸು ಅಳಿಸುವ ಬನ್ನಿ

ಸಿಟ್ಟು ಅಂಜಿಕೆಗಳಿಗೂ ನೆನಪಿಗೂ ಬಿದ್ದ ಗಂಟನ್ನು ಬಿಚ್ಚಬಹುದು ಎಂದು ಡಾಕ್ಟರ್ ಮಹಾನಂದಾ ಮೊದಲು ಕಂಡುಕೊಂಡದ್ದು ಇಲಿಗಳಲ್ಲಿ. ಗಂಟೆ ಬಾರಿಸಿದಾಗಲೆಲ್ಲ ತಂತಿಯಿಂದ ಕಾಲಿಗೆ ಶಾಕ್ ತಿಂದ ಇಲಿ, ಆಮೇಲೆ ಬರೀ ಗಂಟೆ ಕೇಳಿದರೂ ಮೂಲೆ ಸೇರಿ ನಡುಗುತ್ತದೆ. ಹಾಗೆ ನಡುಗುತ್ತಿರುವಾಗಲೇ ಅದರ ಅಂಗಾಲಿಗೆ ಒಂದು ತೊಟ್ಟು ಔಷಧ ಸವರಿದರೆ, ಮರುದಿನ ಗಂಟೆ ಬಾರಿಸಿದಾಗ ಸುಮ್ಮನೆ ತಲೆಯೆತ್ತಿ ನೋಡಿ, ಮತ್ತೆ ಕಾಳು ತಿನ್ನತೊಡಗುತ್ತದೆ. ಮರೆತಿದೆಯೇ ಎಂದರೆ ಇಲ್ಲ. ಗಂಟೆಗೆ ಅದರ ಕಿವಿ ನಿಮಿರುತ್ತದೆ, ತಂತಿ ಯಾವ ಕಡೆಗಿದೆ ಎಂಬುದೂ ಅದಕ್ಕೆ ಗೊತ್ತು. ಗೊತ್ತಿರುವುದು ಉರಿಯುವುದಿಲ್ಲ, ಅಷ್ಟೇ. ಕೆಲವು ಇಲಿಗಳು ನೆಟ್ಟಗೆ ನಡೆದು ಹೋಗಿ ಅದೇ ತಂತಿಯ ಮೇಲೆ ಮತ್ತೆ ಕಾಲಿಟ್ಟವು. ಇಲಿಗೆ ಅಷ್ಟೆಲ್ಲಿ ಬುದ್ಧಿ ಎಂದುಕೊಂಡು ಮಹಾನಂದಾ ಅದನ್ನು ಅಲ್ಲಿಗೇ ಬಿಟ್ಟಳು.

ಅವಳು ಎಲ್ಲರಿಗೂ ತಿಳಿಸಿ ಹೇಳುತ್ತಿದ್ದ ರೀತಿ ಸರಳವಾಗಿತ್ತು. ನೆನಪು ಕಲ್ಲಿನ ಶಾಸನವಲ್ಲ, ಅದು ಮೇಣ. ನೆನಪಿಸಿಕೊಂಡಾಗಲೆಲ್ಲ ಒಂದಿಷ್ಟು ಹೊತ್ತು ಮೆತ್ತಗಾಗುತ್ತದೆ, ಆಮೇಲೆ ಮತ್ತೆ ಗಟ್ಟಿಯಾಗುತ್ತದೆ. ಆ ಮೆತ್ತಗಿನ ಹೊತ್ತಿನಲ್ಲಿ ಶಮಕ ಎಂಬ ಈ ಔಷಧ ಚರ್ಮದೊಳಗೆ ಇಳಿದರೆ ನೆನಪು ಹಾಗೇ ಉಳಿಯುತ್ತದೆ, ಅದರ ಬಿಸಿ ಮಾತ್ರ ಆರಿಹೋಗುತ್ತದೆ. ಯುದ್ಧ ಕಂಡ ಸೈನಿಕರಿಗೆ, ಬೆಂಕಿಯಲ್ಲಿ ಸಿಕ್ಕಿ ಬದುಕಿದವರಿಗೆ ಇದರಿಂದ ನಿದ್ದೆ ಬರುತ್ತದೆಂದು ಅವಳು ನಂಬಿದ್ದಳು. ಆ ನಂಬಿಕೆಗೆ ದುಡ್ಡು ಕೊಡುವವರು ಯಾರೂ ಸಿಗಲಿಲ್ಲ. ಧಾರವಾಡದಲ್ಲಿ ಅವಳು ದುಡಿಯುತ್ತಿದ್ದ ಖಾಸಗಿ ಲ್ಯಾಬಿನ ಬಾಗಿಲು ತಟ್ಟಿಕೊಂಡು ಬಂದವರು ಲೋಕಸಂಗಮ ಪಕ್ಷದವರು.

ಸಂವಿಧಾನ ತಿದ್ದಿ, ರಾಷ್ಟ್ರಾಧ್ಯಕ್ಷರನ್ನು ಜನರೇ ನೇರವಾಗಿ ಆರಿಸುವ ಪದ್ಧತಿ ಬಂದ ಮೇಲಿನ ಮೂರನೆಯ ಚುನಾವಣೆ ಅದು. ಯಾರು ನಿಲ್ಲಬೇಕೆಂಬುದನ್ನು ಆಯಾ ಪಕ್ಷದ ಸದಸ್ಯರು ಮತ ಹಾಕಿ ತೀರ್ಮಾನಿಸಬೇಕಿತ್ತು. ಅದಕ್ಕೆ ಪ್ರೈಮರಿ ಎನ್ನುತ್ತಿದ್ದರು. ಸಂಗಮದವರ ಪ್ರೈಮರಿ ಆ ವರ್ಷ ದಾಯಾದಿಗಳ ಜಗಳವಾಯಿತು. ಒಂದು ಕಡೆ ನಮ್ಮ ಉತ್ತರ ಕರ್ನಾಟಕದ ವಿಮಲಾಬಾಯಿ ತೊರಗಲ್ಲ, ಇನ್ನೊಂದು ಕಡೆ ದಿಲ್ಲಿಯ ಉದಯ ಮಾಥುರ್. ಕೊನೆಯ ಚರ್ಚೆಯಲ್ಲಿ ಮಾಥುರ್ ನಗುತ್ತಲೇ, ವಿಮಲಾಬಾಯಿಯ ಸಭೆಗೆ ಬರುವವರೆಲ್ಲ ಬಾಡಿಗೆಗೆ ತಂದ ಹೆಂಗಸರು ಎಂದುಬಿಟ್ಟ. ಅಷ್ಟು ಸಾಲದೆಂಬಂತೆ ಕೂದಲೆಳೆಯ ಅಂತರದಲ್ಲಿ ಗೆದ್ದುಬಿಟ್ಟ. ವಿಮಲಾಬಾಯಿ ವೇದಿಕೆ ಹತ್ತಿ ಅವನ ಕೈ ಹಿಡಿದೆತ್ತಿದರು, ಆದರೆ ಅವರ ಜನ ಕೈ ಎತ್ತಲಿಲ್ಲ. ಸರ್ವೆ ಮಾಡಿಸಿದರೆ, ಆಕೆಗೆ ಮತ ಹಾಕಿದ್ದ ಹತ್ತು ಜನರಲ್ಲಿ ನಾಲ್ವರು ಮಾಥುರನಿಗೆ ಸತ್ತರೂ ಹಾಕುವುದಿಲ್ಲ ಎಂದರು. ಎದುರು ಪಕ್ಷದಿಂದ ನಿಂತಿದ್ದವನು ರಣವೀರ ಚಂದೇಲ. ಮುಷ್ಕರ ಹೂಡುವವರನ್ನು ಜೈಲಿಗೆ ಹಾಕುತ್ತೇನೆ, ಚುನಾವಣೆ ಹತ್ತು ವರ್ಷಕ್ಕೊಮ್ಮೆಯಾದರೆ ಸಾಕು ಎಂದು ಬಾಯಿಬಿಟ್ಟು ಹೇಳುವ ಆಸಾಮಿ. ಸಂಗಮ ಒಡೆದರೆ ಅವನು ಗೆಲ್ಲುವುದು ಖಂಡಿತವಾಗಿತ್ತು.

ಈ ಜಗಳ ಮಹಾನಂದಾಳ ಮನೆಯೊಳಗೂ ಬಂದಿತ್ತು. ಅವಳ ಅಕ್ಕ ದಾನಮ್ಮ ಬೆಟಗೇರಿಯಲ್ಲಿ ಪ್ರಾಥಮಿಕ ಶಾಲೆಯ ಶಿಕ್ಷಕಿ. ನೇಕಾರರ ಓಣಿಯ ಅರ್ಧಕ್ಕರ್ಧ ಜನಕ್ಕೆ ಅಕ್ಷರ ಕಲಿಸಿದವಳಾದ್ದರಿಂದ ಎಲ್ಲರ ಬಾಯಲ್ಲಿ ಅವಳು ಅಕ್ಕೋರು. ವಿಮಲಾಬಾಯಿಯ ಒಂದು ಸಭೆಯನ್ನೂ ತಪ್ಪಿಸದೆ, ಸ್ವಂತ ದುಡ್ಡಿನಲ್ಲಿ ಬಸ್ಸು ಹತ್ತಿ, ರೊಟ್ಟಿ ಪುಂಡಿಪಲ್ಯದ ಬುತ್ತಿ ಕಟ್ಟಿಕೊಂಡು ಹೋದವಳು. ಬಾಡಿಗೆ ಎಂಬ ಮಾತು ಅವಳ ಎದೆಗೆ ನಾಟಿತ್ತು. ಭಾನುವಾರ ಮಹಾನಂದಾ ಮನೆಗೆ ಬಂದಾಗ ಜೋಳದ ಹಿಟ್ಟು ತಟ್ಟುತ್ತಲೇ ಅದನ್ನು ಹೇಳಿದಳು.

“ಅಂವಗ ನಾ ಓಟ್ ಹಾಕಂಗಿಲ್ಲ ನೋಡವಾ. ಚಂದೇಲಗಂತೂ ಮದ್ಲ ಹಾಕಂಗಿಲ್ಲ. ಮನ್ಯಾಗ ಕುಂದರ್ತೀನಿ.”

ನೀನು ಮನೆಯಲ್ಲಿ ಕೂತರೆ ಚಂದೇಲ ಆರಿಸಿ ಬರುತ್ತಾನೆ ಎಂದು ಮಹಾನಂದಾ ವಾದ ಹೂಡಿದಳು. ಪಕ್ಷ ದೊಡ್ಡದು, ಒಬ್ಬನ ನಾಲಿಗೆ ದೊಡ್ಡದಲ್ಲ ಎಂದಳು. ದಾನಮ್ಮ ರೊಟ್ಟಿ ತಿರುವಿ ಹಾಕಿ, ತಂಗಿಯ ಕಡೆಗೆ ಬಲಗಿವಿ ತಿರುಗಿಸಿ ಕೂತಳು. ಎಡಗಿವಿ ಅವಳಿಗೆ ಕೇಳುತ್ತಿರಲಿಲ್ಲ.

“ಸಿಟ್ಟು ಅನ್ನೂದು ಜ್ವಾಪಾನ ಮಾಡಿ ಇಟ್ಕೊಳ್ಳೂ ಸಾಮಾನು, ಮಹಾನಂದಾ. ಅದು ಇಲ್ಲದಿದ್ರ ನಾ ಇವತ್ತು ಎಲ್ಲಿರ್ತಿದ್ನಿ, ನೀ ಎಲ್ಲಿರ್ತಿದ್ದಿ?”

ಅವಳು ಹೇಳಿದ್ದು ತನ್ನ ಮದುವೆಯ ಮಾತು. ನವಲಗುಂದದಲ್ಲಿ ಬೀಜ-ಗೊಬ್ಬರದ ಅಂಗಡಿ ಇಟ್ಟಿದ್ದ ಈರಬಸಪ್ಪನಿಗೆ ದಾನಮ್ಮನನ್ನು ಕೊಟ್ಟಿದ್ದರು. ಸಾರಿಗೆ ಉಪ್ಪು ಹೆಚ್ಚಾಯಿತೆಂದು ಅವನು ಕೊಟ್ಟ ಏಟಿಗೆ ಎಡಗಿವಿಯ ತಮಟೆ ಹರಿಯಿತು. ಅವಳು ಆ ದಿನವೇ ಉಟ್ಟ ಸೀರೆಯಲ್ಲಿ ಹೊರಬಿದ್ದಳು. ಹಿರಿಯರು ಬಂದರು, ಪಂಚಾಯಿತಿ ಕೂಡಿತು, ಅತ್ತೆ ಬಂದು ಅತ್ತಳು. ದಾನಮ್ಮ ಮೆತ್ತಗಾಗಲಿಲ್ಲ. ಹಲ್ಲು ಕಚ್ಚಿ ಓದಿ ನೌಕರಿ ಹಿಡಿದು, ತಾಯಿಯಿಲ್ಲದ ತಂಗಿಯನ್ನು ಡಾಕ್ಟರೇಟ್ ಆಗುವ ತನಕ ಓದಿಸಿದಳು. ಈರಬಸಪ್ಪನೂ ಹಟಮಾರಿಯೇ. ಪ್ರತಿ ದಸರೆಗೆ ಶುಭ್ರ ಧೋತರ ಉಟ್ಟು, ಬನ್ನಿ ಎಲೆ ಹಿಡಿದುಕೊಂಡು ಬೆಟಗೇರಿಗೆ ಬಂದು ಅವಳ ಬಾಗಿಲಲ್ಲಿ ನಿಲ್ಲುತ್ತಿದ್ದ. ನಮ್ಮ ಕಡೆ ಹಬ್ಬದ ದಿನ ಬನ್ನಿ ಒಲ್ಲೆನ್ನುವವರು ಯಾರೂ ಇಲ್ಲ. ಕೋರ್ಟಿನಲ್ಲಿ ಎದುರುಬದುರು ನಿಂತವರೂ ಅಂದು ಎಲೆ ಕೊಟ್ಟು ತಗೊಂಡು, ಬಂಗಾರದಂಗ ಇರೂಣು ಎನ್ನುತ್ತಾರೆ. ಓಣಿಗೆ ಓಣಿಯೇ ನೋಡುತ್ತಿರುವಾಗ ದಾನಮ್ಮ ಹೊಸ್ತಿಲ ಮೇಲೆ ಎರಡೂ ಕೈ ಬೆನ್ನ ಹಿಂದೆ ಕಟ್ಟಿ ನಿಂತು, “ತಗೊಳ್ಳೂದಿಲ್ಲ” ಎನ್ನುತ್ತಿದ್ದಳು. ಅಷ್ಟೇ. ಅವನು ಹೋಗುತ್ತಿದ್ದ, ಅವಳು ಒಳಗೆ ಹೋಗಿ ಅಡುಗೆ ಮಾಡುತ್ತಿದ್ದಳು.

ಬನ್ನಿಗೆ ಶಮಕ ಹಚ್ಚುವ ಯೋಚನೆ ಮಹಾನಂದಾಳದೇ. ಪಕ್ಷದ ಚುನಾವಣಾ ತಂತ್ರಗಾರ ಕಟ್ಟಿಮನಿ ಮೊದಲು ಲಡ್ಡು ಎಂದಿದ್ದ, ಆಮೇಲೆ ಕರಪತ್ರ ಎಂದಿದ್ದ. ಅವಳೇ ಬೇಡವೆಂದಳು. ಔಷಧ ಕೈಗೆ ತಾಗಿದರೆ ಸಾಲದು, ತಾಗುವ ಗಳಿಗೆಯಲ್ಲೇ ಮುನಿಸು ನೆನಪಾಗಬೇಕು. ಮುನಿಸಿಕೊಂಡವರ ಮುಖ ನೋಡಿ, ಮುನಿಸನ್ನು ನೆನೆದು, ಅದೇ ಕ್ಷಣ ಅವರ ಕೈಯಿಂದ ಏನನ್ನೋ ತೆಗೆದುಕೊಳ್ಳುವ ಪದ್ಧತಿ ನಮ್ಮಲ್ಲಿ ತಲೆತಲಾಂತರದಿಂದ ಇದೆಯಲ್ಲ ಎಂದಾಗ ಕಟ್ಟಿಮನಿ ಕುರ್ಚಿಯಿಂದ ಎದ್ದು ನಿಂತುಬಿಟ್ಟ. ದಸರೆ ಆಗಿ ತಿಂಗಳ ಮೇಲೆ ಮತದಾನವಿತ್ತು. ಊರಲ್ಲಿ ಬನ್ನಿ ಗಿಡಗಳು ಉಳಿದಿರಲಿಲ್ಲ, ಜನ ಪೇಟೆಯಲ್ಲಿ ಕಟ್ಟು ಕೊಳ್ಳುತ್ತಿದ್ದರು. ಪಕ್ಷವೇ ಮನೆಮನೆಗೆ ಬಿಟ್ಟಿ ಹಂಚಿದರೆ ಬೇಡವೆನ್ನುವವರು ಯಾರು? ಮಾಥುರ್ ಕಡೆಯ ಕಾರ್ಯಕರ್ತರು ವಿಮಲಾಬಾಯಿ ಕಡೆಯವರ ಮನೆಗೆ ಹೋಗಿ, ಪ್ರೈಮರಿಯಲ್ಲಿ ಆದದ್ದು ಆಯಿತು ಎಂದು ಹೇಳಿ ಎಲೆ ಕೊಡಬೇಕು. ಆ ಮಾತೇ ಗಾಯವನ್ನು ಕೆದಕುತ್ತದೆ, ಆ ಎಲೆಯೇ ಆರಿಸುತ್ತದೆ.

ಜನರನ್ನು ಕೇಳದೆ ಅವರ ಮೈಯೊಳಗೆ ಔಷಧ ಇಳಿಸುವುದು ತಪ್ಪೆಂದು ಅವಳಿಗೆ ಗೊತ್ತಿರಲಿಲ್ಲವೆಂದಲ್ಲ. ಚಂದೇಲ ಬಂದರೆ ಕೇಳುವವರೇ ಇರುವುದಿಲ್ಲ ಎಂದು ಮನಸ್ಸಿನ ಬಾಯಿ ಮುಚ್ಚಿಸಿದಳು. ಅಕ್ಕನ ಕೈಗೂ ಈ ಎಲೆ ಬೀಳುತ್ತದೆ ಎಂಬುದು ಗೊತ್ತಿತ್ತು. ಬೀಳಲಿ ಎಂದೇ ಅವಳ ಆಸೆ. ಬೆಟಗೇರಿಯ ವಾರ್ಡಿಗೆ ಒಂದಕ್ಕೆರಡು ಪೆಟ್ಟಿಗೆ ಕಳಿಸಿರೆಂದು ಹೇಳಿದವಳೂ ಅವಳೇ. ಓಣಿಯಲ್ಲಿ ಅಕ್ಕೋರು ಮಾಥುರನಿಗೆ ಹಾಕುತ್ತಾರೆಂದರೆ ಉಳಿದವರೆಲ್ಲ ಹಾಕುತ್ತಾರೆ ಎಂಬ ಲೆಕ್ಕ.

ಡೋಸನ್ನು ಮಾತ್ರ ಬಹಳ ಎಚ್ಚರಿಕೆಯಿಂದ ಗೊತ್ತುಮಾಡಿದ್ದಳು. ಒಬ್ಬ ಮತದಾರನಿಗೆ ಒಂದು ಎಲೆ. ಒಂದು ಎಲೆಯಲ್ಲಿರುವಷ್ಟು ಶಮಕ ಒಂದೇ ಒಂದು ಹೊಸ ಮುನಿಸನ್ನು ತಣಿಸಿ, ಸಂಜೆಯೊಳಗೆ ಮೈಯಿಂದ ಇಳಿದುಹೋಗುತ್ತದೆ. ಯೋಜನೆಯಲ್ಲಿ ಪಕ್ಷದ ದಿಲ್ಲಿ ಕಚೇರಿಯವರೂ ಹಾಗೇ ಬರೆದಿದ್ದರು, ಅವಳೂ ಒಪ್ಪಿ ಸಹಿ ಹಾಕಿದ್ದಳು.

ಹಬ್ಬದ ಸಂಜೆ ಅವಳು ಊರಿಗೆ ಹೋಗಲಿಲ್ಲ. ಅಕ್ಕನ ಕಾಲು ಮುಟ್ಟಿ ಬನ್ನಿ ಕೊಡದೆ ಕಳೆದ ಮೊದಲ ದಸರೆ ಅದು. ಹುಬ್ಬಳ್ಳಿಯ ಒಂದು ಕಲ್ಯಾಣ ಮಂಟಪದ ಮಹಡಿಯಲ್ಲಿ ಪಕ್ಷದ ಕಂಟ್ರೋಲ್ ರೂಮು. ಗೋಡೆಯ ತುಂಬ ವಾರ್ಡುಗಳ ನಕ್ಷೆ. ಕಾರ್ಯಕರ್ತರು ಜನರೊಂದಿಗೆ ಆಡುವ ಮಾತನ್ನು ಅವರ ಫೋನುಗಳೇ ಕೇಳಿಸಿಕೊಂಡು, ದನಿಯಲ್ಲಿರುವ ಕಾವನ್ನು ಅಳೆದು ಕಳಿಸುತ್ತಿದ್ದವು. ಮಾಥುರನ ಹೆಸರೆತ್ತಿದರೆ ಕಾವೇರುವ ಓಣಿಗೆ ಕೆಂಪು ಬಣ್ಣ, ಏರದಿದ್ದರೆ ಬಿಳಿ. ಹೊತ್ತು ಮುಳುಗುವಾಗ ಕೆಂಪಾಗಿದ್ದ ನಕ್ಷೆ ಅಂಚಿನಿಂದ ಬೆಳ್ಳಗಾಗುತ್ತ ಬಂತು. ಕಟ್ಟಿಮನಿ ಎಲ್ಲರಿಗೂ ಪೇಢೆ ತರಿಸಿದ. ಮಹಾನಂದಾಳಿಗೂ ಖುಷಿಯಾಯಿತು, ಅದನ್ನು ಮುಚ್ಚಿಡುವುದೇಕೆ? ಬೆಟಗೇರಿ ಬೆಳ್ಳಗಾದಾಗ ಅವಳು ಚಪ್ಪಾಳೆಯನ್ನೂ ತಟ್ಟಿದಳು.

ಆಮೇಲೆ ಪರದೆಯ ಮೇಲೆ ಓಣಿಯ ಚಿತ್ರಗಳು ಬಂದವು. ಹೊಸ ಅಂಗಿ ತೊಟ್ಟ ಮಕ್ಕಳು ಹಿಡಿ ಹಿಡಿ ಬನ್ನಿ ಹಿಡಿದು ಒಂದು ಮನೆಯಿಂದ ಇನ್ನೊಂದಕ್ಕೆ ಓಡುತ್ತಿದ್ದವು. ಕೊಟ್ಟವರಿಗೆ ತಿರುಗಿ ಕೊಡುವುದು, ತಗೊಂಡದ್ದನ್ನೇ ಮುಂದಿನ ಮನೆಯಲ್ಲಿ ಕೊಡುವುದು, ಹಿರಿಯರ ಕೈಗೆ ಕೊಟ್ಟು ಕಾಲು ಮುಟ್ಟುವುದು. ಒಬ್ಬ ಮುದುಕನ ಎರಡೂ ಬೊಗಸೆ ತುಂಬಿ ಎಲೆ ಕೆಳಗೆ ಉದುರುತ್ತಿತ್ತು. ಮಹಾನಂದಾ ತಿನ್ನುತ್ತಿದ್ದ ಪೇಢೆಯನ್ನು ಕೆಳಗಿಟ್ಟು ಪರದೆಯ ಹತ್ತಿರ ಹೋದಳು. ಒಬ್ಬರಿಗೆ ಒಂದು ಎಲೆ! ಯಾವ ಊರಿನ ಮಾತು ಅದು? ಹುಟ್ಟಿದಾಗಿನಿಂದ ಅವಳೇ ಒಂದು ಹಬ್ಬಕ್ಕೆ ನೂರು ಕೈಗೆ ಬನ್ನಿ ಕೊಟ್ಟು ನೂರು ಕೈಯಿಂದ ತಗೊಂಡವಳು. ದಿಲ್ಲಿಯವರಿಗೆ ಗೊತ್ತಿರಲಿಲ್ಲ, ಒಪ್ಪೋಣ. ಅವಳಿಗೆ ಗೊತ್ತಿತ್ತು. ಉಣ್ಣುವಾಗ ಕೈ ಬಾಯಿಗೆ ಹೋಗುವುದು ಗೊತ್ತಿರುವಷ್ಟು ಗೊತ್ತಿತ್ತು. ಅಷ್ಟು ಗೊತ್ತಿರುವುದನ್ನು ಲೆಕ್ಕಕ್ಕೆ ಹಿಡಿಯಬೇಕೆಂದು ಹೊಳೆಯಲೇ ಇಲ್ಲ. ಯಾರಿಗೆ ಹೆಚ್ಚು ಮರ್ಯಾದೆಯೋ ಅವರಿಗೆ ಹೆಚ್ಚು ಎಲೆ. ಓಣಿಯ ಅಕ್ಕೋರ ಉಡಿಯಲ್ಲಿ ಈಗ ಎಷ್ಟು ಬಿದ್ದಿರಬಹುದು?

ಫೋನು ಹಚ್ಚಿದಳು. ಅಕ್ಕ ಎತ್ತಲಿಲ್ಲ. ಪಕ್ಕದ ಮನೆಗೆ ಹಚ್ಚಿದಾಗ ಮೆಹಬೂಬಿ ಎತ್ತಿದಳು. ಮಗ್ಗ ನೇಯುವ ಹೆಂಗಸು, ದಾನಮ್ಮನ ಕಷ್ಟಸುಖಕ್ಕೆ ಆದವಳು. ಅವಳ ದನಿಯಲ್ಲಿ ಗಾಬರಿಯೂ ಇರಲಿಲ್ಲ, ಸಂಭ್ರಮವೂ ಇರಲಿಲ್ಲ.

“ನಿಮ್ ಮಾವಾರು ಈರಬಸಪ್ಪನವ್ರು ಬಂದಿದ್ರವಾ, ವರ್ಸಾ ಬರೂಹಂಗ. ಅಕ್ಕೋರು ಕೈ ಹಿಂದಕ್ಕ ಕಟ್ಟಿಕೊಂಡ್ರು. ಅವ್ರ ಮಾರಿ ನೋಡ್ಕೋತ ಒಂದಿಷ್ಟೊತ್ತು ನಿಂತ್ರು. ಆಮ್ಯಾಲ ಕೈ ಮುಂದ ತಂದು, ಬನ್ನಿ ತಗೊಂಡ್ರು.”

ಮಹಾನಂದಾಳಿಗೆ ಒಂದೊಂದೂ ಕಣ್ಣಿಗೆ ಕಟ್ಟಿತು. ಗಂಡನ ಮುಖ ಕಂಡೊಡನೆ ಅಕ್ಕನಿಗೆ ಎಲ್ಲವೂ ನೆನಪಾಗಿರುತ್ತದೆ, ಸಾರು, ಏಟು, ಕಿವಿಯೊಳಗಿನ ಆ ಸದ್ದು. ಇಪ್ಪತ್ತೈದು ವರ್ಷ ಕಾಪಾಡಿಕೊಂಡು ಬಂದ ನೆನಪು ಮೇಣದಂತೆ ಮೆತ್ತಗಾಗಿರುತ್ತದೆ. ಬೆನ್ನ ಹಿಂದೆ ಕಟ್ಟಿದ ಕೈಗಳಲ್ಲಿ ಆಗಲೇ ನೂರಾರು ಎಲೆಗಳ ಔಷಧ ಇಳಿದಿತ್ತು. ಅವಳು ನಿಂತ ಆ ಒಂದಿಷ್ಟು ಹೊತ್ತಿನಲ್ಲಿ ಅದು ಆರಿಹೋಗಿದೆ.

ದೀಪಾವಳಿಯ ಹೊತ್ತಿಗೆ ದಾನಮ್ಮ ನೌಕರಿಗೆ ರಜೆ ಹಾಕಿ, ಒಂದು ಚೀಲ ಹಿಡಿದು ನವಲಗುಂದಕ್ಕೆ ಹೋದಳು. ಬಾ ಅಂದರು, ಬಂದೆ ಎಂದು ಫೋನಿನಲ್ಲಿ ಹೇಳಿದಳು. ಮಹಾನಂದಾ ಕಾರು ಮಾಡಿಕೊಂಡು ಹೋಗಿ, ನಡಿ ಮನೆಗೆ ಎಂದಳು. ದಾನಮ್ಮ ಚೀಲ ಹಿಡಿದು ಎದ್ದುಬಿಟ್ಟಳು. ಅಷ್ಟು ಸಲೀಸಾಗಿ ಬಂದಳಲ್ಲ ಎಂದು ದಾರಿಯುದ್ದಕ್ಕೂ ಮಹಾನಂದಾಳಿಗೆ ಅಳುವೇ ಬರುವಷ್ಟು ನೆಮ್ಮದಿ. ಮರುದಿನ ಈರಬಸಪ್ಪ ಬಂದ. ನಡಿ ಎಂದ. ದಾನಮ್ಮ ಅದೇ ಚೀಲ ಹಿಡಿದು ಎದ್ದಳು. ಮಹಾನಂದಾ ಬಾಗಿಲಿಗೆ ಅಡ್ಡ ನಿಂತು ಕೂಗಾಡಿದಳು, ಅಕ್ಕನ ರಟ್ಟೆ ಹಿಡಿದು ಜಗ್ಗಿದಳು. ಯಾರು ಜಗ್ಗಿದರೂ ದಾನಮ್ಮ ಆ ಕಡೆಗೆ ಬರುತ್ತಿದ್ದಳು. ಕೊನೆಗೆ ಜೋರಾಗಿ ಜಗ್ಗಿದವನು ಅವನು.

ಪೊಲೀಸರು ನವಲಗುಂದದ ಮನೆಗೆ ಹೋಗಿ ಕೇಳಿದರು. ನನಗೇನೂ ತೊಂದರೆ ಇಲ್ಲ ಎಂದು ದಾನಮ್ಮ ನಗುತ್ತ ಹೇಳಿದಳು, ಅವರಿಗೆ ಚಹಾ ಮಾಡಿಕೊಟ್ಟಳು.

ಕಂಟ್ರೋಲ್ ರೂಮಿಗೆ ಇಂಥ ಸುದ್ದಿ ದಿನಾ ಬರುತ್ತಿತ್ತು, ಯಾರೂ ಅದನ್ನು ಕೆಟ್ಟ ಸುದ್ದಿ ಎನ್ನುತ್ತಿರಲಿಲ್ಲ. ಜವಳಿ ಗಿರಣಿಯ ಮುಷ್ಕರ ತಾನಾಗಿ ನಿಂತಿತು. ಕೂಲಿ ಏರಲಿಲ್ಲ, ಕೆಲಸಗಾರರು ಒಳಗೆ ಹೋದರು. ಕೋರ್ಟಿನಲ್ಲಿ ಹೆಂಗಸರು ಸಾಲುಸಾಲಾಗಿ ಜೀವನಾಂಶದ ಕೇಸು ಹಿಂದೆ ಪಡೆದರು. ಗೊಬ್ಬರದಲ್ಲಿ ಮಣ್ಣು ಬೆರೆಸಿದ ವ್ಯಾಪಾರಿಯ ಅಂಗಡಿಗೆ ಮೋಸ ಹೋದವರೇ ಮತ್ತೆ ಹೋದರು. ಬನ್ನಿಯನ್ನು ನಮ್ಮವರು ಹಬ್ಬ ಮುಗಿದರೂ ಎಸೆಯುವುದಿಲ್ಲ, ದೇವರ ಜಗಲಿಯ ಮೇಲೆ, ತಿಜೋರಿಯೊಳಗೆ ವರ್ಷವಿಡೀ ಇಡುತ್ತಾರೆ. ಒಣಗಿದ ಎಲೆಯಲ್ಲೂ ಶಮಕ ಬೇಸಿಗೆಯ ತನಕ ಸಾಯುವುದಿಲ್ಲ. ದಿನಾ ಪೂಜೆಗೆ ಜಗಲಿ ಮುಟ್ಟುವ ಕೈಗೆ ದಿನಾ ಔಷಧ.

ಮಹಾನಂದಾ ಹಗಲೆಲ್ಲ ಲ್ಯಾಬಿನಲ್ಲಿ ಇಲಿಗಳ ಮುಂದೆ ಕೂತಳು. ಆರಿದ ಸಿಟ್ಟನ್ನು ಮತ್ತೆ ಹೊತ್ತಿಸುವ ಔಷಧಕ್ಕಾಗಿ ತಿಳಿದದ್ದನ್ನೆಲ್ಲ ಮಾಡಿ ನೋಡಿದಳು. ಆಗಲಿಲ್ಲ. ಬಿಸಿ ಎಲ್ಲೋ ಅಡಗಿ ಕೂತಿದ್ದರೆ ಹುಡುಕಿ ತೆಗೆಯಬಹುದಿತ್ತು, ಅದು ಇರಲೇ ಇಲ್ಲ. ಒಂದೇ ಒಂದು ಸಂಗತಿ ಕೈಗೆ ಹತ್ತಿತು. ಔಷಧದಿಂದ ದೂರವಿಟ್ಟ ಇಲಿಗೆ ಹೊಸದಾಗಿ ಶಾಕ್ ಕೊಟ್ಟರೆ ಆ ಹೊಸ ಶಾಕ್ ಮಾತ್ರ ಅದಕ್ಕೆ ಉರಿಯುತ್ತದೆ. ಹಳೆಯದು ಹೋದಂತೆಯೇ.

ಮತದಾನಕ್ಕೆ ಇನ್ನೇನು ಒಂದು ವಾರವಿದೆ ಎನ್ನುವಾಗ ಅವಳು ಕಟ್ಟಿಮನಿಯ ಮುಂದೆ ಫೋನುಗಳು ಅಳೆದ ಕಾವಿನ ಎರಡು ಗ್ರಾಫುಗಳನ್ನಿಟ್ಟಳು. ಮಾಥುರನ ಮೇಲಿನ ಮುನಿಸಿನ ಗೆರೆ ನೆಲ ಕಚ್ಚಿತ್ತು. ಅದನ್ನು ಅವನು ಗೋಡೆಗೆ ಕಟ್ಟು ಹಾಕಿಸಿ ತೂಗುಬಿಟ್ಟಿದ್ದ. ಚಂದೇಲನ ಮೇಲಿನ ಸಿಟ್ಟಿನ ಗೆರೆಯನ್ನು ಯಾರೂ ನೋಡಿರಲಿಲ್ಲ. ಅದೂ ಅಲ್ಲೇ ಮಲಗಿತ್ತು.

“ನಮ್ಮ ಪಕ್ಷಾನ ಒಟ್ಟಿಗೆ ಹಿಡದದ್ದು ಚಂದೇಲನ ಮ್ಯಾಲಿನ ಸಿಟ್ಟು ಒಂದ ರೀ, ಕಟ್ಟಿಮನಿಯವರ. ಅದನ್ನೂ ನಾನ ತಗದುಬಿಟ್ಟೀನಿ.”

ಕಟ್ಟಿಮನಿ ಗೆರೆಯನ್ನು ನೋಡಿದ. ಈಗ ಹೇಳಿ ಏನು ಪ್ರಯೋಜನ ಎಂದ. ಅವನೂ ಹಬ್ಬದ ದಿನ ಬೇಕಾದಷ್ಟು ಕೈಗಳಿಂದ ಬನ್ನಿ ತಗೊಂಡಿದ್ದ, ಅವಳ ಮೇಲೆ ರೇಗಲೂ ಇಲ್ಲ.

ಸಂಗಮ ಒಡೆಯಲಿಲ್ಲ. ಅಷ್ಟು ಒಗ್ಗಟ್ಟಾಗಿ ಯಾವ ಪಕ್ಷವೂ ಸೋತಿರಲಿಕ್ಕಿಲ್ಲ. ವಿಮಲಾಬಾಯಿಯ ಜನ ಮಾಥುರನನ್ನು ಬೈಯಲಿಲ್ಲ, ಅವನಿಗೆ ಮತ ಹಾಕಲೇಬೇಕೆಂಬ ತಹತಹವೂ ಅವರಿಗೆ ಇರಲಿಲ್ಲ. ಕೆಲವರು ಮನೆಯಲ್ಲಿ ಕೂತರು, ಹೆಚ್ಚಿನವರು ಕೊನೆಯದಾಗಿ ಬಂದು ಕೇಳಿದವರಿಗೆ ಹಾಕಿದರು. ಚಂದೇಲನ ಕಡೆಯವರು ಬೂತಿನ ಬಾಗಿಲಲ್ಲೇ ನಿಂತಿದ್ದರು. ಅವನು ಗೆದ್ದ ಮೂರನೆಯ ದಿನ ಮಹಾನಂದಾ ತಾನು ಮಾಡಿದ್ದನ್ನೆಲ್ಲ ಪತ್ರಿಕೆಯವರಿಗೆ ಹೇಳಿದಳು. ಜೈಲಾದರೂ ಆಗಲಿ, ಜನ ಮುಖಕ್ಕೆ ಉಗಿಯಲಿ ಎಂದು ಕಾದಳು. ಮೊದಲ ಪುಟದಲ್ಲೇ ಸುದ್ದಿ ಬಂತು. ಜನ ಓದಿದರು, ಹೌದೇನು ಎಂದರು, ಪುಟ ತಿರುವಿದರು.

ನವಲಗುಂದಕ್ಕೆ ಹೋಗುವಾಗ ಅವಳ ಚೀಲದಲ್ಲಿ ರಬ್ಬರಿನ ಕೈಗವಸು ಇದ್ದವು. ಅಕ್ಕನನ್ನು ಕರೆತರುವುದು ಆಗದ ಮಾತು, ಜಗಲಿಯ ಮೇಲಿನ ಬನ್ನಿಯನ್ನಾದರೂ ಆ ಮನೆಯಿಂದ ಹೊರಗೆ ಹಾಕಬೇಕು ಎಂದು ಹೊರಟಿದ್ದಳು. ಈರಬಸಪ್ಪ ಮುಂದಿನ ಅಂಗಡಿಯಲ್ಲಿ ಗಿರಾಕಿಗಳ ನಡುವೆ ಇದ್ದ. ಒಳಗೆ ಹೋಗು ಎಂಬಂತೆ ತಲೆಯಾಡಿಸಿದ. ಅವನಿಗೀಗ ಯಾರ ಅಂಜಿಕೆಯೂ ಇರಲಿಲ್ಲ.

ದಾನಮ್ಮ ಅಡುಗೆಮನೆಯಲ್ಲಿ ಮೆಂತ್ಯೆ ಸೊಪ್ಪು ಬಿಡಿಸುತ್ತಿದ್ದಳು. ಮಹಾನಂದಾ ಅಕ್ಕಾ ಎಂದಳು, ಅವಳು ತಿರುಗಲಿಲ್ಲ. ಹೆಗಲು ಮುಟ್ಟಿದಾಗ ಬೆಚ್ಚಿ ನೋಡಿ, ಅರಳಿದ ಮುಖದಿಂದ ಮಣೆ ಹಾಕಿದಳು. ಬಲಗಿವಿಯಲ್ಲಿ ಅರಳೆ ತುರುಕಿತ್ತು. ಅರಳೆಯ ತುದಿ ಒಣಗಿದ ನೆತ್ತರಿಂದ ಕಂದಾಗಿತ್ತು. ಮಹಾನಂದಾ ಅದನ್ನು ತೋರಿಸಿ ಏನೆಂದು ಕೈಯಲ್ಲೇ ಕೇಳಿದಳು.

“ಹೊಡದ್ರವಾ. ಓಟ್ ಹಾಕಾಕ ಬೆಟಗೇರಿಗೆ ಕರ್ಕೊಂಡು ಹೋಗೂ ಮುಂದ ಸೀರಿ ಉಡೂದು ತಡಾ ಆತು ಅಂತ. ಚಂದೇಲಗ ಹಾಕು ಅಂದ್ರು, ಹಾಕಿದ್ನಿ.” ಪಕ್ಕದೂರಿನಲ್ಲಿ ಮೋಡ ಕವಿದಿತ್ತು ಎನ್ನುವಂತೆ ಹೇಳಿದಳು. “ಜೋರಾಗಿ ಮಾತಾಡು. ಭಾಳ ಕೇಳ್ಸಂಗಿಲ್ಲ ಈಗ.”

ತಾನು ಮಾಡಿದ್ದನ್ನು ಅಕ್ಕನ ಕಾಲ ಬಳಿ ಕೂತು ಮೆಲ್ಲಗೆ ಹೇಳಬೇಕೆಂದುಕೊಂಡಿದ್ದಳು ಮಹಾನಂದಾ. ಈಗ ಕೂಗಿ ಹೇಳಬೇಕಾಯಿತು. ಅಂಗಡಿಯಲ್ಲಿದ್ದವರ ಮಾತು ನಿಂತು, ಮತ್ತೆ ಶುರುವಾದದ್ದು ಕೇಳಿಸಿತು. ಬನ್ನಿಗೆ ಔಷಧ ಹಚ್ಚಿದವಳು ನಾನು. ನಿನ್ನ ಓಣಿಗೆ ಎರಡು ಪಾಲು ಕಳಿಸಿದವಳು ನಾನು. ನಿನ್ನ ಸಿಟ್ಟು ತಿಂದವಳು ನಾನು, ಅಕ್ಕಾ. ನಿನ್ನ ಎರಡನೆಯ ಕಿವಿ ಹೋದದ್ದು ನನ್ನಿಂದ. ಕೂಗುತ್ತ ಕೂಗುತ್ತ ಅವಳ ದನಿ ಒಡೆಯಿತು. ಬೈ, ಹೊಡಿ, ಮನೆಯಿಂದ ಹೊರಗೆ ಹಾಕು ಎಂದು ಅಕ್ಕನ ಕೈಗಳನ್ನು ಹಿಡಿದು ತನ್ನ ಕೆನ್ನೆಗೆ ತಟ್ಟಿಕೊಂಡಳು.

ದಾನಮ್ಮ ಎಲ್ಲವನ್ನೂ ಕೇಳಿಸಿಕೊಂಡಳು. ಒಂದು ಮಾತೂ ತಪ್ಪಲಿಲ್ಲ ಎಂಬುದು ಅವಳ ಕಣ್ಣಲ್ಲೇ ಕಾಣುತ್ತಿತ್ತು.

“ಇರ್ಲಿ ಬಿಡು. ನೀ ಬೇಕಂತ ಮಾಡೀಯೇನು?”

ಎದ್ದು ಹೋಗಿ ಜಗಲಿಯ ಮೇಲಿನ ಹಿತ್ತಾಳೆ ಡಬ್ಬಿ ತಂದಳು. ಅದರ ತುಂಬ ಒಣಗಿದ ಬನ್ನಿ. ಹಬ್ಬಕ್ಕೆ ನೀನು ಬರಲಿಲ್ಲ, ನಿನ್ನ ಪಾಲಿಂದು ಹಾಗೇ ಉಳಿದಿದೆ ಎಂದು ಬೆರಳಲ್ಲಿ ಒಂದು ಎಸಳು ಎತ್ತಿ ತಂಗಿಯ ಮುಂದೆ ಹಿಡಿದಳು.

“ತಗೋ. ಬಂಗಾರದಂಗ ಇರೂಣು.”

ಕೈಗವಸು ಇನ್ನೂ ಚೀಲದಲ್ಲೇ ಇದ್ದವು. ಬರಿಗೈಯಲ್ಲಿ ತಗೊಂಡರೆ ಏನಾಗುತ್ತದೆ ಎಂಬುದು ಮಹಾನಂದಾಳಷ್ಟು ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ. ತಾನು ಮಾಡಿದ್ದು ಈಗ ತಾನೇ ಬಾಯಿಂದ ಬಂದಿದೆ, ಎದೆಯಲ್ಲಿ ಹಸಿಯಾಗಿದೆ, ಮೇಣದಂತೆ ಮೆತ್ತಗಾಗಿದೆ. ಒಂದು ಎಸಳು ಸಾಕು. ಇಂದು ಸಂಜೆಯೇ ಊಟ ಸೇರುತ್ತದೆ, ನಿದ್ದೆ ಬರುತ್ತದೆ, ಅಕ್ಕನ ಅರಳೆ ಬರೀ ಅರಳೆಯಾಗಿ ಕಾಣುತ್ತದೆ. ಆಸೆಯಾಗಲಿಲ್ಲ ಎಂದರೆ ಸುಳ್ಳಾದೀತು. ಅವಳ ಬಲಗೈ ಮುಂದಕ್ಕೂ ಬಂದಿತ್ತು.

ಅದನ್ನು ಹಿಂದಕ್ಕೆಳೆದುಕೊಂಡು, ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿದಳು.

“ತಗೊಳ್ಳೂದಿಲ್ಲ, ಅಕ್ಕಾ.”

ದಾನಮ್ಮನಿಗೆ ಬೇಸರವಾಗಲಿಲ್ಲ. ಆ ಮಾತನ್ನು ಎಲ್ಲಿ ಕೇಳಿದ್ದೆ ಎಂಬಂತೆ ತಂಗಿಯ ಮುಖವನ್ನು ಒಂದು ಗಳಿಗೆ ನೋಡಿ, ಎಸಳನ್ನು ಡಬ್ಬಿಗೆ ಹಾಕಿದಳು. ಡಬ್ಬಿ ಕೊಡು, ಒಯ್ಯುತ್ತೇನೆ ಎಂದಾಗ ಅದನ್ನೂ ಕೊಟ್ಟಳು. ಮಹಾನಂದಾ ಗವಸು ಹಾಕಿಕೊಂಡು ಡಬ್ಬಿ ತಗೊಂಡಳು, ಜಗಲಿಯನ್ನು ಒದ್ದೆ ಬಟ್ಟೆಯಿಂದ ಮೂರು ಸಲ ಒರೆಸಿದಳು, ಅಕ್ಕನ ಎರಡೂ ಕೈಗಳನ್ನು ಸೋಪು ಹಚ್ಚಿ ತೊಳೆದಳು. ಚಿಕ್ಕಂದಿನಲ್ಲಿ ಅಕ್ಕ ತೊಳೆಯುವಾಗ ಅವಳು ಕೂರುತ್ತಿದ್ದ ಹಾಗೆ ದಾನಮ್ಮ ಸುಮ್ಮನೆ ಕೈ ಒಡ್ಡಿ ಕೂತಿದ್ದಳು. ಹೋಗುವಾಗ ಮೆಂತ್ಯೆ ಸೊಪ್ಪನ್ನು ಕಾಗದದಲ್ಲಿ ಕಟ್ಟಿಕೊಟ್ಟಳು.

ಬಸ್ಸು ಊರು ದಾಟಿ ಎರೆ ಹೊಲಗಳ ನಡುವೆ ಬಂದಾಗ ಮಹಾನಂದಾ ಗವಸಿನ ಕೈಯಲ್ಲೇ ಡಬ್ಬಿಯನ್ನು ತೊಡೆಯ ಮೇಲೆ ಅಮುಕಿ ಹಿಡಿದಿದ್ದಳು. ಅಕ್ಕ ಇರುವ ಮನೆಯಲ್ಲಿ ಇನ್ನು ಔಷಧ ಇಲ್ಲ. ಅಕ್ಕನ ಮೈಯಲ್ಲಿರುವುದೂ ನಾಲ್ಕಾರು ದಿನದಲ್ಲಿ ಇಳಿದುಹೋಗುತ್ತದೆ. ಆಮೇಲೆ ಬೀಳುವ ಏಟು ಅವಳಿಗೆ ಉರಿಯಬೇಕು, ಹೊಸ ಶಾಕಿಗೆ ಇಲಿಗೆ ಉರಿದ ಹಾಗೆ. ಉರಿದರೆ ಅವಳು ಉಟ್ಟ ಸೀರೆಯಲ್ಲಿ ಹೊರಬೀಳುತ್ತಾಳೆ.

ಬೀಳಲಿ ದೇವರೇ, ಬೇಗ ಬೀಳಲಿ ಎಂದು ತಾನು ಬೇಡಿಕೊಳ್ಳುತ್ತಿರುವುದು ಅಕ್ಕನಿಗೆ ಬೀಳಬೇಕಾದ ಏಟನ್ನು ಎಂಬುದು ಬಸ್ಸು ಅಣ್ಣಿಗೇರಿ ಸೇರುವ ಹೊತ್ತಿಗೆ ಅವಳ ಅರಿವಿಗೆ ಬಂತು. ಬೇಡುವುದನ್ನು ಅವಳು ನಿಲ್ಲಿಸಲಿಲ್ಲ.